ಫೈನಲ್ ಬಿಟ್ಟು ಹೊರಡುವ ಆಟಗಾರರು: ಟೂರ್ನಿ ಹಿಗ್ಗಿದಾಗ ಆಗುವುದೇನು?

ಜಹೀರಾಬಾದ್ ಮತ್ತು ನಾರಾಯಣಖೇಡ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಮನೆಯ ಮಾತಿನಂತೆ ಅಭಿಮಾನವೂ ಉಳಿಯಿತು. ರಾಯಿಕೋಡಿನ ನಮ್ಮ ಮಕ್ಕಳಲ್ಲಿ ಅನೇಕರು ಇಂದಿಗೂ ಬೆಂಗಳೂರು ತಂಡದ ಪರವೇ. ಅವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. 2024ರಲ್ಲಿ ತಂಡವು ಸತತವಾಗಿ ಆರು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಆದರೆ 41 ಎಸೆತಗಳಲ್ಲಿ ಶತಕ ಬಾರಿಸಿದ್ದ ವಿಲ್ ಜ್ಯಾಕ್ಸ್ ಅಷ್ಟರಲ್ಲೇ ಇಂಗ್ಲೆಂಡಿಗೆ ಮರಳಿದ್ದರು. ಗೆಲ್ಲುವ ಹೊತ್ತಿಗೆ ತಂಡವನ್ನು ಬಿಟ್ಟು ಹೋಗುವುದು ಸರಿಯೇ?

ಜ್ಯಾಕ್ಸ್ ತಾವಾಗಿ ಹೋದವರಲ್ಲ. ಟಿ20 ವಿಶ್ವಕಪ್‌ಗೆ ಮುನ್ನ ಪಾಕಿಸ್ತಾನದ ವಿರುದ್ಧ ಆಡಬೇಕಿದ್ದ ಸರಣಿಗಾಗಿ ಇಂಗ್ಲೆಂಡ್ ಮಂಡಳಿ ತನ್ನ ಆಟಗಾರರನ್ನು ಕರೆಸಿಕೊಂಡಿತು. ಜೋಸ್ ಬಟ್ಲರ್ ರಾಜಸ್ಥಾನವನ್ನೂ ಫಿಲ್ ಸಾಲ್ಟ್ ಕೋಲ್ಕತ್ತವನ್ನೂ ಬಿಟ್ಟು ಹೊರಟದ್ದು ಹೀಗೆಯೇ. ಸಾಲ್ಟ್ ಇಲ್ಲದೆಯೂ ಕೋಲ್ಕತ್ತ ಪ್ರಶಸ್ತಿ ಗೆದ್ದಿತೆಂಬುದು ಬೇರೆ ಮಾತು. ಐಪಿಎಲ್ 2022ರಲ್ಲಿ ಎಂಟು ತಂಡಗಳಿಂದ ಹತ್ತಕ್ಕೆ ಏರಿತು, ಪಂದ್ಯಗಳು 60ರಿಂದ 74 ಆದವು. ಕ್ಯಾಲೆಂಡರಿನಲ್ಲಿ ತಿಂಗಳುಗಳು ಮಾತ್ರ ಹನ್ನೆರಡೇ ಉಳಿದವು. ಒಂದು ಟೂರ್ನಿ ಹಿಗ್ಗಿದರೆ ಅದರ ಕೊನೆಯ ವಾರ ಇನ್ನೊಂದರ ಮೊದಲ ವಾರವನ್ನು ತುಳಿಯುತ್ತದೆ.

ಇದಕ್ಕಿಂತ ಕಠಿಣವಾದ ಪ್ರಸಂಗ ರಣಜಿಯದು. ದೇಶೀಯ ಕ್ರಿಕೆಟ್ಟಿನ ಈ ಏಣಿ 1934-35ರಲ್ಲಿ ಆರಂಭವಾಯಿತು. 2018-19ರಲ್ಲಿ ಬಿಹಾರ, ಉತ್ತರಾಖಂಡ, ಪುದುಚೇರಿ ಹಾಗೂ ಈಶಾನ್ಯದ ರಾಜ್ಯಗಳು ಸೇರಿ ಒಂಬತ್ತು ಹೊಸ ತಂಡಗಳು ಬಂದವು, ಮರುವರ್ಷ ಚಂಡೀಗಢ ಬಂದು ಸಂಖ್ಯೆ 38 ಆಯಿತು. ಮಟ್ಟ ಕುಸಿಯಿತೆಂದು ಗೊಣಗಿದವರುಂಟು. ಆ ಗೊಣಗಾಟವನ್ನು ನಾವು ಒಪ್ಪುವುದಿಲ್ಲ. ಅಂಚಿನಲ್ಲಿರುವವರಿಗೆ ಬಾಗಿಲು ತೆರೆಯುವುದೆಂದರೇನೆಂದು ಗಡಿಯಲ್ಲಿ ಕನ್ನಡ ಶಾಲೆ ನಡೆಸುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾಯಿಕೋಡಿನ ಹುಡುಗ ಎಂದಾದರೂ ರಣಜಿ ಆಡಿದರೆ ಕರ್ನಾಟಕದ ಪರವಾಗಿ ಅಲ್ಲ, ಬಹುಮಟ್ಟಿಗೆ ಹೈದರಾಬಾದಿನ ಪರವಾಗಿಯೇ ಆಡಬೇಕು. ಎರಡು ಬಾರಿ ರಣಜಿ ಗೆದ್ದ ಹೈದರಾಬಾದೂ ಕೆಳಗಿನ ಪ್ಲೇಟ್ ವಿಭಾಗಕ್ಕೆ ಜಾರಿತ್ತು. 2023-24ರಲ್ಲಿ ಆ ವಿಭಾಗವನ್ನು ಗೆದ್ದು ಮೇಲೆ ಬಂತು.

ಆದರೆ ಏಣಿಯ ತುದಿ ತಲುಪಿದವರು ಏಣಿಯನ್ನೇ ಮರೆತರೆ? 2024ರ ಫೆಬ್ರುವರಿಯಲ್ಲಿ ಶ್ರೇಯಸ್ ಅಯ್ಯರ್ ಬೆನ್ನುನೋವೆಂದು ಮುಂಬೈನ ಕ್ವಾರ್ಟರ್ ಫೈನಲ್ ಆಡಲಿಲ್ಲ. ಹೊಸ ಗಾಯವೇನೂ ಇಲ್ಲವೆಂದು ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ತಿಳಿಸಿತ್ತು. ಇಶಾನ್ ಕಿಶನ್ ಜಾರ್ಖಂಡ್ ಪರ ಕಣಕ್ಕಿಳಿಯಲೇ ಇಲ್ಲ. ಫೆಬ್ರುವರಿ 28ರಂದು ಬಿಸಿಸಿಐ ಪ್ರಕಟಿಸಿದ ಗುತ್ತಿಗೆ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಅಯ್ಯರ್ ಸೆಮಿಫೈನಲ್‌ಗೆ ಮರಳಿದರು, ಫೈನಲ್‌ನಲ್ಲಿ 95 ರನ್ ಗಳಿಸಿದರು, ಮುಂಬೈ ಗೆದ್ದಿತು. 2025ರ ಏಪ್ರಿಲಿನಲ್ಲಿ ಇಬ್ಬರಿಗೂ ಗುತ್ತಿಗೆ ಮರಳಿ ದೊರೆಯಿತು.

ಆ ಹೊತ್ತಿಗೆ ದೇಶೀಯ ಪಂದ್ಯಗಳನ್ನು ಆಡುವುದು ಕಡ್ಡಾಯವೆಂಬ ನಿಯಮವೂ ಬಂದಿತ್ತು. ಅದರಂತೆ 2025ರ ಜನವರಿ 30ರಂದು ಕೆ.ಎಲ್. ರಾಹುಲ್ ಬೆಂಗಳೂರಿನಲ್ಲಿ ಹರಿಯಾಣದ ವಿರುದ್ಧ ಆಡಿದರು. 2020ರ ನಂತರ ಅದು ಅವರ ಮೊದಲ ರಣಜಿ ಪಂದ್ಯ. ಅದೇ ದಿನ ವಿರಾಟ್ ಕೊಹ್ಲಿ ಹನ್ನೆರಡು ವರ್ಷಗಳ ಮೇಲೆ ದೆಹಲಿಯ ಪರ ರಣಜಿಗೆ ಮರಳಿದರು. ಜನ ಸಂಭ್ರಮಿಸಿದರು, ಸಂಭ್ರಮಿಸಬೇಕಾದ್ದೇ. ಆದರೆ ತಾರೆಯೊಬ್ಬರು ಒಂದು ಪಂದ್ಯಕ್ಕೆ ಬಂದಾಗ ಋತುವಿಡೀ ಬೆವರು ಸುರಿಸಿದ ಹುಡುಗನೊಬ್ಬ ಹೊರಗೆ ಕುಳಿತಿರುತ್ತಾನೆ. ಇಪ್ಪತ್ತು ಪಂದ್ಯಗಳ ಅನುಭವವೂ ದಾಟದವನಿಗೆ ಹನ್ನೊಂದರಲ್ಲಿ ಆಡಿದರೆ ದಿನಕ್ಕೆ 40,000 ರೂಪಾಯಿಯೆಂದು ಬಿಸಿಸಿಐ 2021ರಲ್ಲಿ ನಿಗದಿಪಡಿಸಿತು. ನಾಲ್ಕು ದಿನಗಳ ಏಳು ಲೀಗ್ ಪಂದ್ಯ, ಐದು ದಿನಗಳ ಮೂರು ನಾಕೌಟ್ ಪಂದ್ಯ, ಎಲ್ಲವನ್ನೂ ಆಡಿದರೂ ಆ ಲೆಕ್ಕದಲ್ಲಿ ಸಿಗುವುದು 17 ಲಕ್ಷ 20 ಸಾವಿರ. 2025ರ ಐಪಿಎಲ್ ಹರಾಜಿನ ಕನಿಷ್ಠ ಬೆಲೆಯೇ 30 ಲಕ್ಷ. ಹೀಗಿರುವಾಗ ದೇಹವನ್ನು ಯಾವುದಕ್ಕಾಗಿ ಕಾಪಾಡಿಕೊಳ್ಳಬೇಕೆಂದು ಯುವ ವೇಗದ ಬೌಲರ್ ಯೋಚಿಸಿದರೆ ಅದನ್ನು ದ್ರೋಹವೆನ್ನಲು ನಮ್ಮ ನಾಲಗೆ ಏಳುವುದಿಲ್ಲ.

ಇದೇ ವಾದ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿಯೂ ನಡೆದಿದೆ. ಅದು ಕೈಯಲ್ಲಿ ಚೆಂಡು ಹಿಡಿದು, ಮೈಗೆ ಮೈ ಗುದ್ದಿ ಆಡುವ ಆಟ. ಆಡುವವರು ವಿದ್ಯಾರ್ಥಿಗಳು. ಋತುವಿನ ಕೊನೆಯಲ್ಲಿ ಬೌಲ್ ಎಂದು ಕರೆಯುವ ಗೌರವ ಪಂದ್ಯಗಳಿರುತ್ತವೆ, ನಂತರ ಏಪ್ರಿಲಿನಲ್ಲಿ ವೃತ್ತಿಪರ ತಂಡಗಳ ಆಯ್ಕೆ. 2016ರ ಜನವರಿ 1ರಂದು ಜೇಲನ್ ಸ್ಮಿತ್ ಎಂಬ ಆಟಗಾರನ ಮೊಣಕಾಲು ಅಂಥದೊಂದು ಪಂದ್ಯದಲ್ಲಿ ಮುರುಟಿತು. ಮೊದಲ ಸಾಲಿನಲ್ಲೇ ಆಯ್ಕೆಯಾಗಬಹುದಾಗಿದ್ದವನು 34ನೆಯವನಾದ. ಅದೇ ವರ್ಷಾಂತ್ಯದಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಮತ್ತು ಲೆನಾರ್ಡ್ ಫೋರ್ನೆಟ್ ಬೌಲ್ ಪಂದ್ಯ ಆಡುವುದಿಲ್ಲವೆಂದರು. ಟೀಕೆಗಳ ಮಳೆ ಸುರಿಯಿತು, ಆದರೆ ದಾರಿ ತೆರೆದುಕೊಂಡಿತು. 2023ರಲ್ಲಿ 13 ಪಂದ್ಯಗಳಲ್ಲಿ ಒಂದನ್ನೂ ಸೋಲದ ಫ್ಲಾರಿಡಾ ಸ್ಟೇಟ್ ತಂಡವನ್ನು ನಾಲ್ಕು ತಂಡಗಳ ಪ್ಲೇಆಫ್‌ನಿಂದ ಹೊರಗಿಟ್ಟರು. ಸಾಂತ್ವನದ ಪಂದ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಇಳಿಯಲಿಲ್ಲ, ತಂಡ 63-3ರಿಂದ ಸೋತಿತು. ಮರುವರ್ಷ ಪ್ಲೇಆಫ್ 12 ತಂಡಗಳಿಗೆ ಹಿಗ್ಗಿತು. ಪ್ರಶಸ್ತಿಯ ಆಸೆ ಇನ್ನೂ ಇರುವ ಪಂದ್ಯವನ್ನು ಬಿಡುವವರು ಅಲ್ಲಿ ವಿರಳ. ಆದರೆ ಆ ವರ್ಷ ಗೆದ್ದ ಒಹಾಯೊ ಸ್ಟೇಟ್ ಒಟ್ಟು 16 ಪಂದ್ಯ ಆಡಬೇಕಾಯಿತು.

ನಮ್ಮ ಮಕ್ಕಳು ಆಡುವುದು ಕಬಡ್ಡಿ, ಕೊಕ್ಕೊ, ವಾಲಿಬಾಲ್. ಶಾಲೆಯಿಂದ ಮಂಡಲಕ್ಕೆ, ಮಂಡಲದಿಂದ ಜಿಲ್ಲೆಗೆ ಹೋಗುತ್ತಾರೆ. ಮೊಣಕಾಲು ಊದಿದೆಯೆಂದ ಬಾಲಕಿಗೆ "ಇದೊಂದು ಫೈನಲ್ ಆಡಿಬಿಡವ್ವಾ" ಎನ್ನುವ ಹಿರಿಯರು ಎಲ್ಲ ಊರಲ್ಲಿಯೂ ಇದ್ದಾರೆ. ಅಲ್ಲಿ ಗುತ್ತಿಗೆಯಿಲ್ಲ, ಸಂಭಾವನೆಯಿಲ್ಲ. ಗಾಯವಾದರೆ ಬೀದರಿಗೋ ಸಂಗಾರೆಡ್ಡಿಗೋ ಆಸ್ಪತ್ರೆಗೆ ಅಲೆಯುವವರು ತಂದೆತಾಯಿಯೇ. ಮಗುವಿನ "ಆಗೋದಿಲ್ಲ" ಎಂಬ ಮಾತಿಗೆ ಅಯ್ಯರ್ ಅವರ ಬೆನ್ನುನೋವಿಗಿಂತ ಹೆಚ್ಚು ಬೆಲೆ ಇರಬೇಕು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಪಂದ್ಯಕ್ಕೆ ಕಳುಹಿಸುವಾಗ ಸಹಿ ಮಾಡಬೇಕಾದ ಒಪ್ಪಿಗೆ ಪತ್ರ ನಮ್ಮ ಕಡೆ ಬಹುತೇಕ ತೆಲುಗಿನಲ್ಲಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಓದಲು ಬಾರದೆಂದು ಸುಮ್ಮನೆ ಹೆಬ್ಬೆಟ್ಟು ಒತ್ತಬೇಡಿ. ಕನ್ನಡ ಮೇಷ್ಟ್ರ ಬಳಿ ತನ್ನಿ, ಪೂರ್ತಿ ಓದಿಸಿಕೊಳ್ಳಿ. ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದೆಂದು ಅದರಲ್ಲಿ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ, ಮಗು ಬಸ್ಸು ಹತ್ತುವ ಮೊದಲೇ ಆ ಪ್ರಶ್ನೆ ಕೇಳಿ.