ಅರುವತ್ತರ ಮೇಲೆ ಕೈಗೆ ಬಂದ ಬ್ರಶ್

"ಈ ಪ್ರಾಯದಲ್ಲಿ ಮಕ್ಕಳ ಹಾಗೆ ಪೈಂಟ್ ಮಾಡ್ಲಿಕ್ಕೆ ಹೊರಟದ್ದಾ?" ಮನೆಗೆ ಬಂದವರೆಲ್ಲ ಕೇಳಿದ್ದು ಇದನ್ನೇ.

ನಾವು ಗಂಡ ಹೆಂಡತಿ ಇಬ್ಬರೂ ಅರುವತ್ತು ದಾಟಿದವರು. ಒಬ್ಬರು 28 ವರ್ಷ ದಮ್ಮಾಮಿನಲ್ಲಿ ದುಡಿದು ಬಂದವರು, ಇನ್ನೊಬ್ಬರು ಅಷ್ಟೂ ವರ್ಷ ಊರಲ್ಲಿ ಮಕ್ಕಳನ್ನು ಸಾಕಿದವರು. ಮಕ್ಕಳು ಅವರವರ ದಾರಿ ಹಿಡಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ರಜೆಯ ಎರಡು ತಿಂಗಳಿಗಾಗುವಷ್ಟೇ ಮಾತು ಕಲಿತಿದ್ದ ನಮಗೆ, ಮೂರನೇ ತಿಂಗಳಿನಿಂದ ಏನು ಮಾತಾಡುವುದೆಂದೇ ತಿಳಿಯಲಿಲ್ಲ.

ಮೊಮ್ಮಗಳು ಬಿಟ್ಟುಹೋದ ಬಣ್ಣದ ಪೆಟ್ಟಿಗೆಯೊಂದು ಇತ್ತು. ಮದುವೆ ಮನೆಗಳಲ್ಲಿ ಮೈಲಾಂಜಿ ಹಾಕಿ ಪಳಗಿದ ಕೈ ಒಂದು ಬಳ್ಳಿ ಬಿಡಿಸಿತು, ಇನ್ನೊಂದು ಕೈ ಬಣ್ಣ ತುಂಬಿತು. ಅಲ್ಲಿಂದ ಶುರು.

ಆರಂಭದಲ್ಲಿ ಎಲ್ಲವೂ ತಪ್ಪೇ. ನೋಟ್‌ಬುಕ್ಕಿನ ಹಾಳೆ ನೀರು ಬಿದ್ದಾಗ ಸುರುಟಿಕೊಂಡಿತು. 300 ಜಿಎಸ್‌ಎಂ ದಪ್ಪದ ಕಾಗದ ತಂದೆವು. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದದ್ದೇ ಬಿಳಿ, ಅದನ್ನು ಮೊದಲೇ ಉಳಿಸಿಕೊಳ್ಳಬೇಕು. ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಕೆಂಪು, ಹಳದಿ, ನೀಲಿ ಇದ್ದರೆ ಮುರಕಲ್ಲಿನ ಗೋಡೆಯೂ ಬರುತ್ತದೆ, ತೆಂಗಿನ ಗರಿಯೂ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದುಂಟು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು.

ಚಿತ್ರ ಬರೆಯಬಹುದಾ ಎಂದು ಕೆಲವರು ಕೇಳಿದರು. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಚರ್ಚೆ ಉಂಟು, ನಾವು ಆ ಕಡೆ ಹೋಗಲಿಲ್ಲ. ಮರ, ಹೊಳೆ, ಹಂಚಿನ ಮಾಡು ನಮಗೆ ಧಾರಾಳ ಸಾಕು. ಅರಬಿ ಅಕ್ಷರಕಲೆಯನ್ನೂ ಕಲಿಯುತ್ತಿದ್ದೇವೆ. ಕಲಮಿನ ತುದಿಯಿಂದ ಇಟ್ಟ ಚುಕ್ಕಿಗಳನ್ನೇ ಅಳತೆ ಮಾಡಿಕೊಂಡು ಅಲಿಫ್‌ನ ಎತ್ತರ ನಿರ್ಧರಿಸುತ್ತಾರೆಂದು ಮದ್ರಸ ಕಲಿತ ನಮಗೆ ಈಗಷ್ಟೇ ಗೊತ್ತಾದದ್ದು!

ತಡವಾಯಿತು ಎನ್ನುವವರಿಗೆ ಒಂದು ಮಾತು. 1861ರಲ್ಲಿ ಹುಟ್ಟಿದ ರವೀಂದ್ರನಾಥ ಠಾಗೋರರು ಚಿತ್ರಕಲೆಯನ್ನು ಗಂಭೀರವಾಗಿ ಹಿಡಿದದ್ದು ಅರುವತ್ತು ದಾಟಿದ ಮೇಲೆಯೇ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಆಕೃತಿ ಮಾಡುತ್ತಾ ಹೋದವರು, 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಇಟ್ಟರು. ನಮಗೆ ಪ್ಯಾರಿಸ್ ಬೇಡ, ದಿನಕ್ಕೊಂದು ಗಂಟೆ ಸಾಕು. ಅಸರ್ ನಮಾಝ್ ಆದ ಮೇಲೆ ಮೇಜಿಗೆ ಕೂತರೆ ಫೋನ್ ಮುಟ್ಟುವುದಿಲ್ಲ. ನೆಂಟರು ಬಂದರೂ ಚಾ ಕೊಟ್ಟು ಪಕ್ಕದಲ್ಲೇ ಕೂರಿಸುತ್ತೇವೆ.

ನಿಮ್ಮ ಮನೆಯಲ್ಲೂ ಉಮ್ಮನೋ, ಗಲ್ಫ್‌ನಿಂದ ಮರಳಿದ ತಂದೆಯೋ ಬಣ್ಣ ಕೇಳಿದರೆ ನಗಬೇಡಿ. ಒಳ್ಳೆಯ ಕಾಗದ ತಂದುಕೊಡಿ.

ನಿನ್ನೆ ನಮ್ಮ ಬಾವಿಕಟ್ಟೆ ಬರೆದೆವು. ನೆರಳು ಯಾವ ಕಡೆ ಬೀಳಬೇಕೆಂದು ಮಗ್ರಿಬ್ ಬಾಂಗ್ ಆಗುವ ತನಕ ಜಗಳ. ಅಷ್ಟು ಮಾತಾಡಿ ವರ್ಷಗಳೇ ಆಗಿತ್ತು.