ಮನೆಯೊಳಗೆ ಬಂದ ಕ್ರಷರ್ ಧೂಳು: ಅಳೆಯಬೇಕಾದ್ದು ಎಲ್ಲಿ, ಕೇಳಬೇಕಾದ್ದು ಯಾರನ್ನು?

ಹೊಸೂರು: ಹೊಸೂರು, ಡೆಂಕಣಿಕೋಟೆ, ಶೂಲಗಿರಿ ಕಡೆಯ ಹಳ್ಳಿಗರಿಗೆ ಕಲ್ಲುಕ್ವಾರಿ, ಜಲ್ಲಿ ಕ್ರಷರ್ ಹೊಸದೇನಲ್ಲ. ಬೆಂಗಳೂರು ಬೆಳೆದಂತೆಲ್ಲ ಜಲ್ಲಿಗೆ ಬೇಡಿಕೆ ಬೆಳೆಯಿತು. ಹೊಳೆ ಮರಳು ಸಿಗದಾದ ಮೇಲೆ ಎಂ-ಸ್ಯಾಂಡ್‌ಗಾಗಿ ಕಲ್ಲನ್ನು ಇನ್ನಷ್ಟು ನುಣ್ಣಗೆ ಅರೆಯುವುದೂ ಶುರುವಾಯಿತು. ಕಲ್ಲು ನುಣ್ಣಗಾದಷ್ಟೂ ಧೂಳು ಹಗುರ, ಹಗುರಾದಷ್ಟೂ ದೂರ ಹಾರುತ್ತದೆ. ಒಣ ಹಾಕಿದ ಬಟ್ಟೆ, ಬಚ್ಚಲ ನೀರು, ಶಾಲೆಯ ಬೆಂಚು ಎಲ್ಲದರ ಮೇಲೂ ಕೂರುವ ಈ ಬಿಳಿ ಪುಡಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದು ದೂರು ಕೊಡುವವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲಿ ನಿಲ್ಲುತ್ತದೆ, ಕೆಮ್ಮಿದರೆ ಹೊರಬರುತ್ತದೆ. ಕೆಟ್ಟದ್ದು ಕಾಣದ ಧೂಳು. 10 ಮೈಕ್ರಾನ್‌ಗಿಂತ ಸಣ್ಣ ಕಣಕ್ಕೆ ಪಿಎಂ 10 ಎಂದು ಹೆಸರು. ತಲೆಗೂದಲಿನ ದಪ್ಪದ ಐದಾರನೇ ಒಂದು ಪಾಲು ಎನ್ನಬಹುದು. ಅದಕ್ಕಿಂತ ಸಣ್ಣದು ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಈ ಸೀಮೆಯ ಗ್ರಾನೈಟ್ ಕಲ್ಲಿನಲ್ಲಿ ಸಿಲಿಕಾ ಹೇರಳ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ಕಾಯಿಲೆಗೆ ಗುಣಪಡಿಸುವ ಮದ್ದಿಲ್ಲ, ಅದರ ಜತೆಗೆ ಕ್ಷಯ ಅಂಟುವ ಅಪಾಯವೂ ಹೆಚ್ಚು. ಇದು ಮುಖ್ಯವಾಗಿ ಕ್ವಾರಿ, ಕ್ರಷರ್ ಕೂಲಿಗಳ ಕಾಯಿಲೆ. ಅಕ್ಕಪಕ್ಕದ ಮನೆಯವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಹೆಚ್ಚಾಗಿ ಕಾಣುವುದು ಬಿಡದ ಕೆಮ್ಮು, ಉಬ್ಬಸ.

ಜನ ಮೊದಲು ಕೇಳುವುದು ದೂರ ಎಷ್ಟಿರಬೇಕು ಎಂದು. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ 2004ರ ಜುಲೈನಲ್ಲಿ ಮಾಡಿದ ನಿರ್ಣಯದಂತೆ ಹೊಸ ಕ್ರಷರ್ ಜನವಸತಿ, ಹೆದ್ದಾರಿ, ಸಾರ್ವಜನಿಕ ಹಾಗೂ ಧಾರ್ಮಿಕ ಮಹತ್ವದ ಜಾಗಗಳಿಂದ 500 ಮೀಟರ್ ಆಚೆ ಇರಬೇಕು. ಕಲ್ಲು ಕೀಳುವ ಕ್ವಾರಿಗೆ ರಾಜ್ಯದ ಕಿರು ಖನಿಜ ನಿಯಮದಲ್ಲಿ ಜನವಸತಿಯಿಂದ 300 ಮೀಟರ್. ಕೇರಳದಲ್ಲಿ ಕ್ವಾರಿಯ ದೂರವನ್ನು 2017ರಲ್ಲಿ 100 ಮೀಟರ್‌ನಿಂದ 50ಕ್ಕೆ ಇಳಿಸಲಾಯಿತು. ಅಲ್ಲಿನ ವ್ಯಾಜ್ಯ ಹಸಿರು ನ್ಯಾಯಮಂಡಳಿ, ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕರ್ನಾಟಕಕ್ಕೆ 2011ರ ಕ್ರಷರ್ ನಿಯಂತ್ರಣ ಕಾಯ್ದೆ ಎಂಬ ಬೇರೆ ಕಾನೂನೇ ಇದೆ. ಅಲ್ಲಿ 'ಸುರಕ್ಷಿತ ವಲಯ'ದಲ್ಲಷ್ಟೇ ಪರವಾನಗಿ. ಗಡಿ ದಾಟಿದರೆ ಅಂಕಿ ಬದಲಾಗುತ್ತದೆ, ಮಕ್ಕಳ ಎದೆ ಬದಲಾಗುವುದಿಲ್ಲ!

ಆದರೆ ದೂರದ ಜಗಳವನ್ನೇ ಹಿಡಿದು ಕೂತರೆ ಹಳೆಯ ಕ್ರಷರ್ ಪಕ್ಕದ ಊರಿನವರಿಗೆ ಏನೂ ಸಿಗದು. 'ನಾವು ಮೊದಲು ಬಂದೆವು, ಶಾಲೆ ಆಮೇಲೆ ಬಂತು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಥಲ್ಲಿ ಕೆಲಸಕ್ಕೆ ಬರುವುದು ಅಳತೆ ಮತ್ತು ಷರತ್ತು.

ಅಳತೆಯ ವಿಚಾರ ಸ್ವಲ್ಪ ಗಮನವಿಟ್ಟು ನೋಡಬೇಕು. ಕೇಂದ್ರದ ಪರಿಸರ ಸಂರಕ್ಷಣಾ ನಿಯಮದ ಪ್ರಕಾರ, ಕ್ರಷರ್‌ನಿಂದ 40 ಮೀಟರ್ ದೂರದಲ್ಲಿ ಅದು ಗಾಳಿಗೆ ಸೇರಿಸುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. ಇದು ತೇಲುವ ಒಟ್ಟು ಧೂಳಿನ ಲೆಕ್ಕ, ಯಂತ್ರದ ಮಟ್ಟಿಗಿನ ಲೆಕ್ಕ. ಜನ ಉಸಿರಾಡುವ ಗಾಳಿಗೆ 2009ರ ರಾಷ್ಟ್ರೀಯ ಮಾನದಂಡವೇ ಬೇರೆ: ಪಿಎಂ 10 ಒಂದು ದಿನದ ಸರಾಸರಿ 100, ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ಕೈಗಾರಿಕಾ ಪ್ರದೇಶಕ್ಕೂ ವಸತಿಗೂ ಒಂದೇ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 45 ಮಾತ್ರ. ಹಾಗಾಗಿ ಕ್ರಷರ್ ಗೇಟಿನ ಬಳಿಯ ವರದಿ 'ಮಿತಿಯೊಳಗಿದೆ' ಎಂದ ಮಾತ್ರಕ್ಕೆ ಶಾಲೆಯ ಗಾಳಿ ಚೆನ್ನಾಗಿದೆ ಎಂದಾಗದು. ಶಾಲೆಯ ಅಂಗಳದಲ್ಲೇ ಪಿಎಂ 10 ಅಳೆಯಿರಿ ಎಂದು ಬರೆದು ಕೇಳಬೇಕು.

ಇನ್ನು ಷರತ್ತು. 1981ರ ವಾಯು ಕಾಯ್ದೆಯಡಿ ಮಂಡಳಿಯ ಸಮ್ಮತಿ ಪತ್ರ, ಅಂದರೆ 'ಕನ್ಸೆಂಟ್', ಇಲ್ಲದೆ ಕ್ರಷರ್ ಓಡಿಸುವಂತಿಲ್ಲ. ಧೂಳು ಅಡಗಿಸುವ ವ್ಯವಸ್ಥೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ನೆಲ ಗುಡಿಸಿ ನೀರು ಚಿಮುಕಿಸುವುದು, ಸುತ್ತ ಮರಗಳ ಸಾಲು, ಇಷ್ಟು ಕೇಂದ್ರದ ನಿಯಮದಲ್ಲೇ ಇವೆ. ಧೂಳು ಬರೀ ಕಲ್ಲು ಒಡೆಯುವ ಬಾಯಿಂದ ಏಳುವುದಿಲ್ಲ. ಜರಡಿ, ಬೆಲ್ಟಿನಿಂದ ಜಲ್ಲಿ ಬೀಳುವ ಜಾಗ, ಪುಡಿಯ ಗುಡ್ಡೆ, ಎಲ್ಲಕ್ಕಿಂತ ಮಿಗಿಲಾಗಿ ಟಿಪ್ಪರ್ ಓಡುವ ಮಣ್ಣುದಾರಿ. ಜರಡಿಗೆ ತಗಡಿನ ಮುಚ್ಚಿಗೆ, ಬೀಳುವಲ್ಲಿ ಮಂಜಿನಂತೆ ನೀರು, ಲಾರಿಗೆ ಟಾರ್ಪಾಲ್, ಇವು ದೊಡ್ಡ ವಿಜ್ಞಾನವೇನಲ್ಲ. ಆದರೂ ನೀರು ನಿಲ್ಲಿಸುತ್ತಾರೆ. ಪುಡಿ ಒದ್ದೆಯಾದರೆ ಜರಡಿಯ ಕಣ್ಣು ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ನೀರಿಗೂ ಬರ. ಅಧಿಕಾರಿ ಬರುವ ದಿನ ಮಾತ್ರ ನೀರು ಚಿಮ್ಮುತ್ತದೆ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. ತಾರೀಕು, ಗಂಟೆ ಬರೆದಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡವರ ಮಾತಿಗೆ ತೂಕ ಬರುವುದು ಇಲ್ಲೇ.

ಸಮ್ಮತಿ ಪತ್ರದ ಪ್ರತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಹೊಸೂರು ಭಾಗದಲ್ಲಿ ಮನೆಮಾತು ಕನ್ನಡವಾದರೂ ಅರ್ಜಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಕಾಸರಗೋಡಿನವರ ಪಾಡು ಈ ವಿಷಯದಲ್ಲಿ ವಾಸಿ: ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರಕ್ಕೆ ಅವಕಾಶ ಕೊಟ್ಟಿದೆ.

ಷರತ್ತು ಮುರಿದದ್ದು ಕಂಡರೆ ಮೊದಲು ಹೊಸೂರಿನ ಮಾಲಿನ್ಯ ಮಂಡಳಿ ಕಚೇರಿಗೆ ದೂರು. ಪ್ರತಿಯನ್ನು ಕೃಷ್ಣಗಿರಿಯಲ್ಲಿ ಸೋಮವಾರದ ಕುಂದುಕೊರತೆ ಸಭೆಯಲ್ಲಿ ಕಲೆಕ್ಟರ್‌ಗೆ ಮನು ಜತೆ ಕೊಡಬಹುದು. ವಾಯು ಕಾಯ್ದೆಯ 31ಎ ಕಲಂ ಪ್ರಕಾರ ಘಟಕ ಮುಚ್ಚಿಸುವ, ಕರೆಂಟ್ ಕಡಿಸುವ ಅಧಿಕಾರ ಮಂಡಳಿಗಿದೆ. 2024ರ ಏಪ್ರಿಲ್‌ನಿಂದ ಈ ಕಾಯ್ದೆಯ ಬಹುತೇಕ ಉಲ್ಲಂಘನೆಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಜೈಲಿನ ಭಯ ತೆಗೆದದ್ದು ಒಳ್ಳೆಯದೇ ಎಂಬುದು ದಂಡ ಎಷ್ಟು ಜನರಿಂದ ವಸೂಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಸಬ್ ಕಲೆಕ್ಟರ್ ಮುಂದೆ ಹೋಗುವ ಇನ್ನೊಂದು ದಾರಿಯನ್ನು ಬಹಳ ಜನ ಮರೆಯುತ್ತಾರೆ. ಹಿಂದಿನ ಸಿಆರ್‌ಪಿಸಿ 133, ಈಗಿನ ಬಿಎನ್‌ಎಸ್‌ಎಸ್ 152ನೇ ಕಲಂ ಅಡಿ, ಊರಿನ ಆರೋಗ್ಯಕ್ಕೆ ಕೇಡು ತರುವ ಉದ್ಯಮವನ್ನು ನಿಲ್ಲಿಸುವ ಅಥವಾ ಹದ್ದುಬಸ್ತಿನಲ್ಲಿಡುವ ಆದೇಶ ಹೊರಡಿಸಲು ಅವರಿಗೆ ಅಧಿಕಾರವಿದೆ.

ಕ್ರಷರ್ ಆನೇಕಲ್ ತಾಲೂಕಿನಲ್ಲಿ, ಧೂಳು ಬೀಳುವ ಮನೆ ಹೊಸೂರು ತಾಲೂಕಿನಲ್ಲಿ ಎಂದಾದರೆ ದೂರು ಕ್ರಷರ್ ಇರುವ ರಾಜ್ಯದ ಮಂಡಳಿಗೆ ಹೋಗಬೇಕು. ಎರಡೂ ಕಡೆಯವರು 'ನಮ್ಮದಲ್ಲ' ಎಂದರೆ ಉಳಿಯುವುದು ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಸೊಲ್ಲಾಪುರ, ಜತ್ತ, ಗೋವೆಯವರು ಪುಣೆ ಪೀಠಕ್ಕೆ ಹೋಗಬೇಕು. ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಅವಕಾಶವುಂಟು.