ಸೋತವರ ಶೋಕ, ಗೆದ್ದವರ ರಂಗ

ಗ್ರೀಕ್ ರುದ್ರನಾಟಕವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಡುವುದು ಹೇಗೆ ಎಂಬುದನ್ನು ನಾನು ಬಹುಕಾಲ ಒಂದು ಪ್ರಶ್ನೆಯೆಂದೇ ಎಣಿಸಿರಲಿಲ್ಲ. ಅರಿಸ್ಟಾಟಲನ ಲಕ್ಷಣವಾಕ್ಯದಿಂದ ಆರಂಭಿಸಿ, ಭಯ, ಕರುಣೆ, ಭಾವಶೋಧನೆ ಎಂದು ಕಪ್ಪುಹಲಗೆಯ ಮೇಲೆ ಬರೆದು, ನಾಯಕನಲ್ಲಿ ದೋಷವೊಂದನ್ನು ಹುಡುಕಿ ಬೆರಳಿಟ್ಟು ತೋರಿಸಿ, ಟಿಪ್ಪಣಿ ಬರೆಯಿಸಿ ಕೈತೊಳೆದುಕೊಳ್ಳುತ್ತಿದ್ದೆ. ವರ್ಷದ ಕೊನೆಯಲ್ಲಿ ಉತ್ತರಪತ್ರಿಕೆಗಳಲ್ಲಿ ನನ್ನ ವಾಕ್ಯಗಳೇ, ನನ್ನ ತಪ್ಪುಗಳ ಸಮೇತ, ನನಗೆ ಮರಳಿ ಬರುತ್ತಿದ್ದವು. ಅರಿಸ್ಟಾಟಲನು ಮಹಾಮೇಧಾವಿ, ಸಂದೇಹವಿಲ್ಲ. ಆದರೆ ಈಸ್ಕಿಲಸನ ನಾಟಕಗಳು ರಂಗವೇರಿ ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಬಳಿಕ ಕುಳಿತು ಲಕ್ಷಣ ಬರೆದವನು ಆತ. ಹೂವನ್ನು ತೋರಿಸದೆ ಸಸ್ಯಶಾಸ್ತ್ರದ ಪಾಠ ಹೇಳಿದಂತೆ ಆಗುತ್ತಿತ್ತು ನನ್ನ ಬೋಧನೆ.

ಈಗ ಕೆಲವು ವರ್ಷಗಳಿಂದ ಕ್ರಮವನ್ನು ಬದಲಿಸಿದ್ದೇನೆ. ಮೊದಲ ದಿನ ಲಕ್ಷಣದ ಮಾತೇ ಇಲ್ಲ. ವಿದ್ಯಾರ್ಥಿಗಳನ್ನು ನೇರವಾಗಿ ಕ್ರಿ.ಪೂ. 472ರ ವಸಂತಕಾಲದ ಅಥೆನ್ಸಿಗೆ ಕರೆದೊಯ್ದು, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಕೂರಿಸಿಬಿಡುತ್ತೇನೆ. ಪುಸ್ತಕಗಳಲ್ಲಿ ಕಾಣುವ ಕಲ್ಲಿನ ಸೋಪಾನಗಳ ಚಿತ್ರವನ್ನು ಮರೆಯಿರಿ ಎಂದು ಮೊದಲೇ ಹೇಳಬೇಕಾಗುತ್ತದೆ; ಅವು ಮುಂದಿನ ಶತಮಾನದವು. ಆಗ ಇದ್ದದ್ದು ಮರದ ಹಲಗೆಗಳು, ಕೆಳಗೆ ಮೇಳದವರು ಕುಣಿಯುವ ಅಂಗಳ, ಮೇಲೆ ಬರಿಯ ಆಕಾಶ. ಡಯೊನೈಸಸ್ ದೇವತೆಯ ಉತ್ಸವ. ಮೂವರು ಕವಿಗಳ ನಡುವೆ ಸ್ಪರ್ಧೆ. ಒಬ್ಬೊಬ್ಬನೂ ಮೂರು ರುದ್ರನಾಟಕಗಳನ್ನೂ ಒಂದು ಹಾಸ್ಯಪ್ರಧಾನವಾದ ಸ್ಯಾಟಿರ್ ನಾಟಕವನ್ನೂ ಒಪ್ಪಿಸಬೇಕು. ಮೇಳದ ವೆಚ್ಚವನ್ನು ನಗರದ ಸಿರಿವಂತನೊಬ್ಬನು ಪೌರಕರ್ತವ್ಯವೆಂದು ಹೊರಬೇಕು. ನಟರೆಲ್ಲರೂ ಗಂಡಸರು, ಎಲ್ಲರಿಗೂ ಮುಖವಾಡ. ಬಯಲಾಟವನ್ನು ಕಂಡ ನಮ್ಮ ಹುಡುಗರಿಗೆ ಇದಾವುದೂ ವಿಚಿತ್ರವೆನಿಸುವುದಿಲ್ಲ. ದೇವರ ಉತ್ಸವ, ಬಯಲು, ಮೇಳ ಎಂದೊಡನೆ ಅವರೇ ಮುಂದೆ ಹೋಗಿ ಕುಳಿತುಕೊಳ್ಳುತ್ತಾರೆ.

ಆ ವರ್ಷ ಬಹುಮಾನ ಪಡೆದ ಈಸ್ಕಿಲಸನ ನಾಟಕಗಳಲ್ಲಿ ಒಂದು ‘ಪಾರಸಿಕರು’. ಮೇಳದ ವೆಚ್ಚವನ್ನು ಹೊತ್ತವನು, ಮುಂದೆ ಅಥೆನ್ಸಿನ ಭಾಗ್ಯವಿಧಾತನಾದ, ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ನಮಗೆ ಉಳಿದು ಬಂದಿರುವ ಗ್ರೀಕ್ ನಾಟಕಗಳಲ್ಲೆಲ್ಲ ಇದೇ ಅತ್ಯಂತ ಹಳೆಯದು; ಪುರಾಣವನ್ನು ಬಿಟ್ಟು ಕಣ್ಣಮುಂದಿನ ಇತಿಹಾಸವನ್ನೇ ವಸ್ತುವಾಗಿ ಮಾಡಿಕೊಂಡು ಉಳಿದಿರುವ ರುದ್ರನಾಟಕವೂ ಇದೊಂದೇ.

ವಸ್ತು ಯಾವುದು? ಎಂಟು ವರ್ಷಗಳ ಹಿಂದೆ, ಕ್ರಿ.ಪೂ. 480ರಲ್ಲಿ, ಪಾರಸಿಕ ಚಕ್ರವರ್ತಿ ಕ್ಸರ್‌ಕ್ಸೀಸನು ಅಪಾರ ಸೇನೆಯೊಡನೆ ದಂಡೆತ್ತಿ ಬಂದು, ಜನರು ತೊರೆದುಹೋಗಿದ್ದ ಅಥೆನ್ಸನ್ನು ಹಿಡಿದು, ಅಕ್ರೊಪೊಲಿಸ್ಸಿನ ದೇವಾಲಯಗಳಿಗೆ ಬೆಂಕಿಯಿಕ್ಕಿದ್ದನು. ಅನಂತರ ಸಲಾಮಿಸ್ ಜಲಸಂಧಿಯಲ್ಲಿ ಅವನ ನೌಕಾಪಡೆ ನಾಶವಾಯಿತು. ಪಾರ್ಥೆನಾನ್ ಮಂದಿರದ ಕೆಲಸ ಮೊದಲಾದದ್ದು ಕ್ರಿ.ಪೂ. 447ರಲ್ಲಿ. ಎಂದರೆ, ಆ ದಿನ ನಾಟಕ ನೋಡಲು ಕುಳಿತಿದ್ದವರ ಬೆನ್ನ ಹಿಂದೆಯೇ, ಗುಡ್ಡದ ನೆತ್ತಿಯ ಮೇಲೆ, ಶತ್ರು ಸುಟ್ಟ ಗುಡಿಗಳ ಅವಶೇಷಗಳಿದ್ದವು. ಕವಿಯಾದರೂ ಯಾರು? ಮ್ಯಾರಥಾನಿನ ರಣರಂಗದಲ್ಲಿ ಸ್ವತಃ ಕಾದಿದವನು. ಅಲ್ಲಿಯೇ ತನ್ನ ಸಹೋದರನನ್ನು ಕಳೆದುಕೊಂಡವನು. ಶತ್ರುವಿನ ಹಡಗಿನ ಹಿಂಬದಿಯನ್ನು ಹಿಡಿದ ಕೈಯನ್ನೇ ಕೊಡಲಿಯಿಂದ ಕಡಿಸಿಕೊಂಡು ಆ ಸಹೋದರನು ಸತ್ತನೆಂದು ಹೆರೊಡೋಟಸನು ಬರೆದಿದ್ದಾನೆ.

ಇಂಥ ಕವಿ, ಇಂಥ ಜನರ ಮುಂದೆ, ಇಂಥ ಸ್ಥಳದಲ್ಲಿ ಏನನ್ನು ತೋರಿಸಿದ? ವಿಜಯೋತ್ಸವವನ್ನಲ್ಲ. ರಂಗದ ಮೇಲೆ ಅಥೆನ್ಸಿನ ಒಬ್ಬ ಮನುಷ್ಯನೂ ಇಲ್ಲ. ನಾಟಕ ನಡೆಯುವುದು ಪಾರಸಿಕರ ರಾಜಧಾನಿ ಸೂಸಾದಲ್ಲಿ. ಮೇಳ ಪಾರಸಿಕ ವೃದ್ಧರದು. ಕೆಟ್ಟ ಕನಸು ಕಂಡ ರಾಜಮಾತೆ ಮಗನ ಸುದ್ದಿಗಾಗಿ ಕಾಯುತ್ತಾಳೆ. ದೂತ ಬಂದು ಸಲಾಮಿಸ್ಸಿನ ಕಥೆಯನ್ನು ಹೇಳುತ್ತಾನೆ. ಸತ್ತ ಪಾರಸಿಕ ನಾಯಕರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಗೆದ್ದ ಗ್ರೀಕರಲ್ಲಿ ಒಬ್ಬನ ಹೆಸರೂ ಇಡಿಯ ನಾಟಕದಲ್ಲಿ ಇಲ್ಲ. ಥೆಮಿಸ್ಟಾಕ್ಲೀಸನ ತಂತ್ರದ ಪ್ರಸ್ತಾಪವಿದೆ, ಅವನ ಹೆಸರಿಲ್ಲ. ಮೃತನಾದ ಹಿರಿಯ ದೊರೆ ಡೇರಿಯಸ್ಸನ ಪ್ರೇತ ಸಮಾಧಿಯಿಂದ ಎದ್ದು, ಕಡಲಿಗೇ ಸಂಕೋಲೆ ತೊಡಿಸಹೊರಟ ಮಗನ ಮದವನ್ನು ಖಂಡಿಸುತ್ತದೆ. ಕಟ್ಟಕಡೆಗೆ ಹರಿದ ಬಟ್ಟೆಯಲ್ಲಿ ಕ್ಸರ್‌ಕ್ಸೀಸನೇ ಬರುತ್ತಾನೆ. ಅವನೂ ವೃದ್ಧರೂ ಒಬ್ಬರಿಗೊಬ್ಬರು ದನಿಗೂಡಿಸಿ ಅಳುತ್ತಿರುವಂತೆಯೇ ನಾಟಕ ಮುಗಿಯುತ್ತದೆ.

ಇಲ್ಲಿಗೆ ಬಂದಾಗ ನಾನು ಗ್ರೀಕರ ಔದಾರ್ಯವನ್ನು ಕುರಿತು ಒಂದು ಚಿಕ್ಕ ಭಾಷಣ ಮಾಡುವುದು ರೂಢಿಯಾಗಿತ್ತು. ಶತ್ರುವಿನ ತಾಯಿಯ ಕಣ್ಣೀರನ್ನೂ ಕಂಡ ಜನ, ಇತ್ಯಾದಿ. ಒಂದು ವರ್ಷ ಹೀಗೆ ಮಾತಾಡುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಣ್ಣ ಸೈನ್ಯದಲ್ಲಿದ್ದು, ಎರಡು ವರ್ಷಗಳ ಹಿಂದೆ ಗಡಿಯಲ್ಲಿ ತೀರಿಕೊಂಡಿದ್ದನೆಂಬುದು ತರಗತಿಗೆಲ್ಲ ತಿಳಿದಿತ್ತು. ಮಾತಿನ ಭರದಲ್ಲಿ ನಾನು ಮರೆತಿದ್ದೆ. ಅವಳು ಕೇಳಿದ್ದು ಇಷ್ಟೇ: “ಎಂಟು ವರ್ಷ ಸಾಕಾಯಿತೇ, ಸಾರ್, ಅವರಿಗೆ?”

ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಮನೆಗೆ ಬಂದು ಪುಸ್ತಕಗಳನ್ನು ತೆರೆದೆ. ಉತ್ತರವೆನ್ನಬಹುದಾದದ್ದು ಸಿಕ್ಕಿದ್ದು, ಹಿಂದೆ ಎಷ್ಟೋ ಸಲ ಓದಿ ದಾಟಿಹೋಗಿದ್ದ ಹೆರೊಡೋಟಸನ ಒಂದು ಸಣ್ಣ ಪ್ರಸಂಗದಲ್ಲಿ. ಕ್ರಿ.ಪೂ. 494ರಲ್ಲಿ ಪಾರಸಿಕರು ಏಷ್ಯಾ ಮೈನರಿನ ಗ್ರೀಕ್ ನಗರವಾದ ಮೈಲೀಟಸನ್ನು ಸೂರೆಮಾಡಿದರು. ಅಥೆನ್ಸಿನವರಿಗೆ ಅದು ಬಂಧುಗಳ ನಗರ. ಅವರ ದಂಗೆಗೆ ಮೊದಲು ಹಡಗುಗಳನ್ನು ಕಳಿಸಿ, ಬಳಿಕ ನಡುವೆಯೇ ಕೈಬಿಟ್ಟಿದ್ದರು. ಆ ಪತನವನ್ನು ಫ್ರಿನಿಕಸ್ ಎಂಬ ಕವಿ ನಾಟಕವಾಗಿ ಆಡಿಸಿದಾಗ ರಂಗಭೂಮಿಗೆ ರಂಗಭೂಮಿಯೇ ಅತ್ತುಬಿಟ್ಟಿತು. ಕವಿಗೆ ಸಂದ ಬಹುಮಾನವೆಂದರೆ ಸಾವಿರ ದ್ರಾಕ್ಮ ದಂಡ! ನಮ್ಮ ಮನೆಯ ದುಃಖವನ್ನು ನಮಗೆ ನೆನಪಿಸಿದ ಎಂಬುದು ಅವನ ಅಪರಾಧ. ಆ ನಾಟಕವನ್ನು ಮತ್ತೆ ಯಾರೂ ಆಡಕೂಡದೆಂದು ಕಟ್ಟಪ್ಪಣೆಯಾಯಿತು.

ಇದನ್ನು ಓದಿ ನನ್ನ ಔದಾರ್ಯದ ಭಾಷಣ ಕುಸಿದುಬಿತ್ತು. ತಮ್ಮ ಶೋಕವನ್ನು ರಂಗದ ಮೇಲೆ ನೋಡಲಾರದೆ ಕವಿಯನ್ನು ದಂಡಿಸಿದ ಜನರೇ ಶತ್ರುವಿನ ಶೋಕವನ್ನು ನೋಡಿ ಬಹುಮಾನ ಕೊಟ್ಟರು. ಇದು ಕರುಣೆಯೊ, ಸೇಡಿನ ಸವಿಯೊ? ವಿದ್ವಾಂಸರು ಇಂದಿಗೂ ಎರಡು ಪಕ್ಷವಾಗಿದ್ದಾರೆ. ಕ್ರಿ.ಪೂ. 405ರ ಅರಿಸ್ಟೊಫನೀಸನ ‘ಕಪ್ಪೆಗಳು’ ಪ್ರಹಸನದಲ್ಲಿ ಈಸ್ಕಿಲಸನ ಪಾತ್ರವೇ, ಶತ್ರುವನ್ನು ಗೆಲ್ಲುವ ಛಲವನ್ನು ಜನರಿಗೆ ಕಲಿಸಲು ಆ ನಾಟಕ ಬರೆದೆನೆಂದು ಹೇಳಿಕೊಳ್ಳುತ್ತದೆ. ಇನ್ನೂ ಒಂದು ಮಾತು. ಕ್ರಿ.ಪೂ. 416ರಲ್ಲಿ ಇದೇ ಅಥೆನ್ಸಿನವರು ಮೀಲೋಸ್ ದ್ವೀಪಕ್ಕೆ ಮುತ್ತಿಗೆ ಹಾಕಿ, ಅದು ಶರಣಾದ ಮೇಲೆ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ತಳ್ಳಿದರು. ಕೆಲವೇ ತಿಂಗಳ ಬಳಿಕ ಯೂರಿಪಿಡೀಸನು ‘ಟ್ರಾಯ್ ಸ್ತ್ರೀಯರು’ ನಾಟಕದಲ್ಲಿ ಸೆರೆಸಿಕ್ಕ ಹೆಂಗಸರ ರೋದನವನ್ನು ಅವರ ಮುಂದಿಟ್ಟನು. ನೋಡಿದರು, ಎರಡನೆಯ ಸ್ಥಾನ ಕೊಟ್ಟರು. ರುದ್ರನಾಟಕ ಅವರನ್ನು ಸಜ್ಜನರನ್ನಾಗಿ ಮಾಡಿತೆಂದು ನಾನು ಇನ್ನು ಹೇಳಲಾರೆ.

ಆದರೂ ಒಂದು ಸಂಗತಿ ಉಳಿಯುತ್ತದೆ. ಆ ದಿನ ಮುಖವಾಡ ತೊಟ್ಟು ಪಾರಸಿಕ ವೃದ್ಧರಾಗಿ ಎದೆ ಬಡಿದುಕೊಂಡು ಅತ್ತವರು ಅಥೆನ್ಸಿನ ನಾಗರಿಕರೇ. ಅವರಲ್ಲಿ ಸಲಾಮಿಸ್ಸಿನಲ್ಲಿ ಹುಟ್ಟು ಹಾಕಿದವರೂ ಇದ್ದಿರಬಹುದು. ಅಣಕವಾಗಿಯೇ ಮೊದಲಿಟ್ಟಿದ್ದರೂ ಆ ಸ್ವರ, ಆ ಹೆಜ್ಜೆ, ಆ ಹೆಸರುಗಳ ಸರಣಿ ಗಂಟಲಲ್ಲಿ ಏನನ್ನೂ ಮಾಡದೆ ಹೋಗುವುದು ಕಷ್ಟ. ನಮ್ಮ ರನ್ನನನ್ನು ನೋಡಿ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ, ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದು ಹೆಸರಿಟ್ಟು ಹೊರಟವನು, ಗೆದ್ದವನ ಕವಿ. ಆದರೆ ಹೆಣಗಳ ನಡುವೆ ನಡೆಯುತ್ತ ದುಶ್ಶಾಸನನಿಗಾಗಿ, ಕರ್ಣನಿಗಾಗಿ ಹಂಬಲಿಸಿ, ವೈರಿಯ ಮಗ ಅಭಿಮನ್ಯುವಿಗೂ ತಲೆಬಾಗುವ ದುರ್ಯೋಧನನ ಬಳಿಗೆ ಬಂದಾಗ ಲೇಖನಿ ಯಾರ ಅಧೀನದಲ್ಲಿತ್ತು? ಬಿ.ಎಂ.ಶ್ರೀಯವರು 1926ರಲ್ಲಿ ಆ ಕಾವ್ಯವನ್ನೇ ‘ಗದಾಯುದ್ಧ ನಾಟಕಂ’ ಆಗಿಸಿ, ಸಾಫೊಕ್ಲೀಸನ ‘ಏಜಾಕ್ಸ್’ ನಾಟಕದ ಅಚ್ಚಿನಲ್ಲಿ 1929ರ ‘ಅಶ್ವತ್ಥಾಮನ್’ ಬರೆದು, ಕೊನೆಗೆ 1935ರಲ್ಲಿ ‘ಪಾರಸಿಕರು’ ನಾಟಕವನ್ನು ಕನ್ನಡಕ್ಕೆ ತಂದರು. ಈ ಮೂರರಲ್ಲಿಯೂ ಅವರ ಕಣ್ಣಿದ್ದದ್ದು ಸೋತವರ ಕಡೆಗೆ.

ಮುಂದಿನ ವಾರ ತರಗತಿಯಲ್ಲಿ ಫ್ರಿನಿಕಸನ ಕಥೆಯನ್ನು ಹೇಳಿದೆ; ನನ್ನ ಹಳೆಯ ಭಾಷಣವನ್ನು ಹಿಂತೆಗೆದುಕೊಂಡೆನೆಂದೂ ಹೇಳಿದೆ. ಆ ಹುಡುಗಿ ಏನನ್ನೂ ಆಡಲಿಲ್ಲ. ಶ್ರೀಯವರ ಅನುವಾದವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದೋಣವೆಂದು ನಿಶ್ಚಯವಾದಾಗ, ರಾಜಮಾತೆಯ ಪಾತ್ರವನ್ನು ಅವಳ ಗೆಳತಿಯರು ಅವಳಿಗೇ ಬಿಟ್ಟರು. ಅವಳು ಬೇಡವೆಂದು ತಲೆಯಾಡಿಸಿ, ದೂತನ ಪಾತ್ರವನ್ನು ಕೇಳಿ ತೆಗೆದುಕೊಂಡಳು. ಆ ಪರದೇಶದ ಹೆಸರುಗಳಲ್ಲಿ ಒಂದೂ ತಪ್ಪಬಾರದೆಂದು, ಉಚ್ಚಾರವನ್ನು ಕೇಳಿ ತಿದ್ದಿಕೊಳ್ಳಲು, ಆ ದಿನ ಸಂಜೆ ಉಪನ್ಯಾಸಕರ ಕೊಠಡಿಗೆ ಎರಡು ಸಲ ಬಂದುಹೋದಳು.